ಯಾವ ಕಡೆಯ ಅತ್ತೆ

ಡೈವೋರ್ಸ್ ಅನ್ನುವ ಮಾತನ್ನು ಆ ಮನೆಯಲ್ಲಿ ಮೊದಲು ಬಾಯಿಬಿಟ್ಟು ಆಡಿದವರು ಸೊಸೆಯಲ್ಲ, ಅತ್ತೆ. ಅದೂ ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತ ಕೂತಿದ್ದಾಗ, ತಲೆಯನ್ನೂ ಎತ್ತದೆ.

“ಎಷ್ಟು ದಿನ ಅಂತ ಹೀಗೆ ನೇತಾಡ್ತೀಯೇ? ಅವನು ಬರಲ್ಲ. ನನ್ನ ಹೊಟ್ಟೇಲಿ ಹುಟ್ಟಿದವನು, ನಂಗೊತ್ತಿಲ್ವಾ? ಡೈವೋರ್ಸ್ ತಗೊಂಡುಬಿಡು.”

ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದ ಸೊಸೆ ಹಾಗೇ ನಿಂತುಬಿಟ್ಟಳು. ಯಾರದೋ ಅಂಗಿಯ ಕಾಲರು ಸುಡುವುದು ಸ್ವಲ್ಪದರಲ್ಲಿ ತಪ್ಪಿತು.

ಮನೆಯ ಮುಂದಿನ ಕೋಣೆಯೇ ಇವರ ಅಂಗಡಿ. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ, ಆಲ್ಟರೇಷನ್ ಅಂಗಡಿ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕಿತ್ತುಹೋದ ಜೇಬಿಗೆ ಮತ್ತೆ ತಳ ಕೊಡುವುದು. ಬಿಚ್ಚುವ ಕೆಲಸ ಅತ್ತೆಯದು, ಹೊಲಿಯುವ ಕೆಲಸ ಸೊಸೆಯದು. ಕಣ್ಣು ಮಂಜಾದ ಮೇಲೆ ಅತ್ತೆ ಮೆಷಿನ್ನು ಬಿಟ್ಟಿದ್ದರು, ಆದರೆ ಹೊಲಿಗೆ ಬಿಚ್ಚುವುದಕ್ಕೆ ಅವರಿಗೆ ಕಣ್ಣೇ ಬೇಕಿರಲಿಲ್ಲ, ಬೆರಳೇ ಸಾಕು. ಬಟ್ಟೆಗೆ ಒಂಚೂರೂ ಗಾಯ ಆಗದ ಹಾಗೆ ಬಿಚ್ಚುತ್ತಿದ್ದರು. ನಾಲಿಗೆಯ ವಿಷಯದಲ್ಲಿ ಮಾತ್ರ ಆ ಎಚ್ಚರ ಇರಲಿಲ್ಲ ಅನ್ನಿ.

ಅವರ ಒಬ್ಬನೇ ಮಗ, ಅಂದರೆ ಇವಳ ಗಂಡ, ಬೇರೆ ಊರಿನ ಗೋದಾಮಿನಲ್ಲಿ ಮೇಲ್ವಿಚಾರಕ. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಒಗೆಯುವ ಬಟ್ಟೆ ಗುಡ್ಡೆಯಾದಾಗ. ಒಂದು ದಿನ ಆ ಬಟ್ಟೆಯೂ ಬರುವುದು ನಿಂತಿತು. ಅಲ್ಲಿ ಅವನಿಗೆ ಒಗೆದುಕೊಡುವವಳು ಸಿಕ್ಕಿದ್ದಾಳೆ ಅನ್ನುವುದು ಆಮೇಲೆ ಗೊತ್ತಾಯಿತು. ಫೋನಿನಲ್ಲಿ ಅವನೇ ಹೇಳಿದ. ಅವಳ ಜೊತೆಗೇ ಇರುವುದಾಗಿಯೂ ಹೇಳಿದ. ಅಷ್ಟು ಹೇಳಿ, ಮಗಳು ಹೇಗಿದ್ದಾಳೆ ಅಂತ ಕೇಳಿದ.

ಮಗಳನ್ನು ಮನೆಯವರೆಲ್ಲ ಗುಂಡಿ ಅನ್ನುತ್ತಿದ್ದರು. ನಡೆಯಲು ಕಲಿಯುವ ಮೊದಲೇ ಅಂಗಡಿಯ ಗುಂಡಿ ಡಬ್ಬದ ಪಕ್ಕ ಕೂತು ಬೆಳೆದ ಹುಡುಗಿ ಅದು. ಈಗ ಶಾಲೆಗೆ ಹೋಗುತ್ತಾಳೆ, ಬಂದ ಕೂಡಲೇ ಬಣ್ಣ ಬಣ್ಣದ ಗುಂಡಿಗಳನ್ನು ಬೇರೆ ಮಾಡಿ ಅಜ್ಜಿಗೆ ಲೆಕ್ಕ ಒಪ್ಪಿಸುತ್ತಾಳೆ.

ಮನೆಯ ನಾಲ್ಕನೆಯ ತಲೆ ಮಾವ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಯಾರು ಏನೇ ಹೇಳಲಿ, “ರೈಟ್, ರೈಟ್” ಅನ್ನುವುದು ಅವರ ಅಭ್ಯಾಸ. ಜಗಳ ಕಂಡರೆ ಅವರಿಗಾಗದು. ಡೈವೋರ್ಸ್ ಮಾತು ಊಟದ ಹೊತ್ತಿಗೆ ಅವರ ಕಿವಿಗೂ ಬಿತ್ತು, ಮಾವ ತಟ್ಟೆಯಲ್ಲೇ ಕೈ ನಿಲ್ಲಿಸಿದರು.

“ಹೊಂದ್ಕೊಂಡು ಹೋದ್ರೆ ಆಗಲ್ವೇನಮ್ಮ?” ಅಂದರು ಸೊಸೆಗೆ.

“ಯಾರ ಜೊತೆ ಹೊಂದ್ಕೊಳ್ಳಲಿ ಮಾವ? ಅವ್ರು ಇಲ್ಲೇ ಇಲ್ವಲ್ಲ,” ಅಂದಳು ಸೊಸೆ.

ಮಾವ ಯೋಚಿಸಿ “ರೈಟ್” ಅಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಮಗನನ್ನು ಬಿಟ್ಟು ಸೊಸೆಯ ಪರ ವಕಾಲತ್ತು ಹಾಕುವ ತಾಯಿಯನ್ನು ತಾನು ಇದೇ ಮೊದಲು ನೋಡುತ್ತಿರುವುದು ಅಂದರು. ನೋಡಿಕೊಳ್ಳಿ, ಟಿಕೆಟ್ ಏನೂ ಇಲ್ಲ ಅಂದರು ಅತ್ತೆ.

ವಕೀಲರನ್ನು ಹುಡುಕುವುದೇನೂ ಸುಲಭವಾಗಲಿಲ್ಲ. ಮಾವನ ಹಳೆಯ ಸ್ನೇಹಿತರೊಬ್ಬರು ಹೇಳಿದ ವಕೀಲನ ಬಳಿಗೆ ಅತ್ತೆ ಸೊಸೆ ಮೊದಲು ಹೋದರು. ಅವನ ಕಚೇರಿಯಲ್ಲಿ ಫ್ಯಾನಿಗಿಂತ ಫೋನಿನ ಸದ್ದೇ ಜಾಸ್ತಿ ಇತ್ತು. ಎರಡು ಫೋನುಗಳ ನಡುವೆ ಬಿಡುವು ಮಾಡಿಕೊಂಡು, “ಅವನನ್ನೂ ಅವನ ಅಪ್ಪ ಅಮ್ಮನನ್ನೂ ಒಟ್ಟಿಗೆ ಬೀದಿಗೆ ತಂದು ನಿಲ್ಲಿಸ್ತೀನಿ, ನೀವು ಹೂಂ ಅನ್ನಿ ಸಾಕು” ಅಂದ. ಸೊಸೆ ಹೂಂ ಅನ್ನಲಿಲ್ಲ. ಬೀದಿಗೆ ಬರಬೇಕಾದ ಅಮ್ಮ ಪಕ್ಕದ ಕುರ್ಚಿಯಲ್ಲೇ ಚೀಲ ಹಿಡಿದು ಕೂತಿದ್ದರು. ಇಬ್ಬರೂ ಎದ್ದು ಬಂದರು. ಬಸ್ಸಿನಲ್ಲಿ ಅತ್ತೆ, ಇಂಥವನ ಕೈಗೆ ಒಂದು ಒಳ್ಳೆ ಕೋಟು ಕೊಟ್ಟರೆ ಕರವಸ್ತ್ರ ಮಾಡಿ ವಾಪಸು ಕೊಡುತ್ತಾನೆ ಅಂದರು.

ಎರಡನೆಯ ಹೆಸರು ಬಂದದ್ದು ಅಂಗಡಿಯ ಗಿರಾಕಿಯೊಬ್ಬಳಿಂದ. ಸ್ಕರ್ಟಿನ ಸೊಂಟ ಸಡಿಲ ಮಾಡಿಸಲು ಬಂದಿದ್ದ ನರ್ಸ್ ಅವಳು. ತನ್ನ ಅಕ್ಕನ ಕೇಸು ನೋಡಿಕೊಂಡ ಲಾಯರಮ್ಮ ಇದ್ದಾರೆ, ಕುಟುಂಬದ ಕೇಸು ಬಿಟ್ಟು ಬೇರೆಯದಕ್ಕೆ ಕೈ ಹಾಕುವುದಿಲ್ಲ, ಸುಮ್ಮನೆ ಆಸೆ ಹುಟ್ಟಿಸುವುದಿಲ್ಲ ಅಂದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಮೆಟ್ಟಿಲು ಹತ್ತುವಾಗ ಅತ್ತೆಗೆ ಏದುಸಿರು ಬಂತು, ಆದರೂ ಸೊಸೆಯ ಕೈ ಹಿಡಿಯಲಿಲ್ಲ, ಗೋಡೆ ಹಿಡಿದರು.

ಲಾಯರಮ್ಮ ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಪೆನ್ನು ತೆಗೆದರು.

“ಇವರು?”

“ನಮ್ಮತ್ತೆ,” ಅಂದಳು ಸೊಸೆ.

“ನಿಮ್ಮ ತಂದೆ ತಾಯಿ?”

“ಇಬ್ಬರೂ ಇಲ್ಲ.”

ಲಾಯರಮ್ಮ ಅತ್ತೆಯ ಕಡೆ ನೋಡಿ, ಇಂಥ ಹೊತ್ತಿನಲ್ಲಿ ಜೊತೆಗೆ ಬಂದಿರಲ್ಲ, ದೊಡ್ಡ ಮನಸ್ಸು ಅಂದರು. ಅತ್ತೆ ಚೀಲವನ್ನು ಸರಿಯಾಗಿ ತೊಡೆಯ ಮೇಲಿಟ್ಟುಕೊಂಡರು.

ಆಮೇಲೆ ಲಾಯರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಇಬ್ಬರೂ ಒಪ್ಪಿದರೆ ಒಂದೇ ಅರ್ಜಿ, ಇಬ್ಬರದೂ ಸಹಿ. ನ್ಯಾಯಾಧೀಶರು ಒಂದಿಷ್ಟು ಕಾಲ ಯೋಚಿಸಿ ಬನ್ನಿ ಅನ್ನುತ್ತಾರೆ, ಮತ್ತೆ ಕರೆದು ಕೇಳುತ್ತಾರೆ, ಮನಸ್ಸು ಬದಲಾಗಿಲ್ಲ ಅಂದರೆ ಮುಗಿಯಿತು. ಅವನು ಒಪ್ಪದಿದ್ದರೆ ಇವಳೇ ಕಾರಣ ಕೊಟ್ಟು ಅರ್ಜಿ ಹಾಕಬೇಕು, ಕಾರಣ ರುಜುವಾತು ಮಾಡಬೇಕು, ಅದು ಉದ್ದದ ದಾರಿ. ಆದರೆ ಎರಡು ದಾರಿಯಲ್ಲೂ ಮುಖ್ಯವಾದದ್ದು ಮಗು. ಮಗು ಯಾರ ಜೊತೆ, ಯಾವ ಮನೆಯಲ್ಲಿ, ಶಾಲೆಗೆ ಕಳಿಸುವವರು ಯಾರು, ಕೋರ್ಟು ಕೇಳುವುದು ಇದನ್ನೇ.

“ನೀವೀಗ ಗಂಡನ ಮನೇಲೇ ಇದೀರಾ?”

“ಹೌದು.”

“ಹಾಗಾದ್ರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇಲ್ಲಿ ಆಡಿದ್ದು ಆ ಮನೇಲಿ ಬಾಯಿ ಬಿಡಬೇಡಿ. ಅದರಲ್ಲೂ ಆ ಗಂಡನ ತಾಯಿ ಮುಂದೆ. ಎಷ್ಟೇ ಒಳ್ಳೆಯವರಾಗಿರಲಿ, ಕೊನೆಗೆ ಮಗನ ಕಡೆ ವಾಲ್ತಾರೆ. ನಾನು ಕಂಡಿದೀನಿ.”

ಸೊಸೆಗೆ ಆಗ ಹೊಳೆಯಿತು. ತಾನು “ನಮ್ಮತ್ತೆ” ಅಂದದ್ದನ್ನು ಲಾಯರಮ್ಮ ಸೋದರತ್ತೆ ಅಂತ ತಿಳಿದುಬಿಟ್ಟಿದ್ದಾರೆ, ಇವಳ ಅಪ್ಪನ ತಂಗಿ ಅಂತ. ಗಂಡನಿಂದ ಬಿಡುಗಡೆ ಕೇಳಲು ಗಂಡನ ತಾಯಿಯನ್ನೇ ಕಟ್ಟಿಕೊಂಡು ಬರುತ್ತಾರೆ ಅಂತ ಯಾರಿಗಾದರೂ ಹೇಗೆ ಹೊಳೆಯಬೇಕು? ಹೇಳೋಣ ಅಂತ ಬಾಯಿ ತೆರೆದಳು. ಮೇಜಿನ ಕೆಳಗೆ ಅತ್ತೆಯ ಚಪ್ಪಲಿ ಅವಳ ಪಾದದ ಮೇಲೆ ಭದ್ರವಾಗಿ ಕೂತಿತು.

“ಸರಿಯಾಗಿ ಹೇಳಿದ್ರಿ ಮೇಡಂ,” ಅಂದರು ಅತ್ತೆ. “ಅವಳನ್ನ ನಂಬೋಕಾಗಲ್ಲ. ಬಾಯಿ ಬೇರೆ ಜೋರು.”

ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಸೊಸೆ ನಗು ತಡೆದುಕೊಂಡಳು. ಬಂದ ಮೇಲೆ ನಗು ಬರಲಿಲ್ಲ, ಭಯ ಬಂತು. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದಳು. ಹೇಳಿದ್ದರೆ ಲಾಯರಮ್ಮ ತನ್ನನ್ನು ಹೊರಗೆ ಕೂರಿಸುತ್ತಿದ್ದಳು, ಇವಳೊಬ್ಬಳನ್ನೇ ಒಳಗೆ ಬಿಟ್ಟು ಹೊರಗೆ ಕೂರುವುದಕ್ಕೆ ತಾನು ಅಷ್ಟು ದೂರ ಬಸ್ಸಿನಲ್ಲಿ ನೇತಾಡಿಕೊಂಡು ಬರಬೇಕಿತ್ತೇ ಅಂದರು ಅತ್ತೆ.

ಮಾತು ಸರಿಯಾಗೇ ಇತ್ತು. ಆದರೆ ಲಾಯರಮ್ಮನ ಮಾತೂ ತಲೆಯಿಂದ ಹೋಗಲಿಲ್ಲ. ಕೊನೆಗೆ ಮಗನ ಕಡೆ ವಾಲುತ್ತಾರೆ. ಪಾತ್ರೆ ತಿಕ್ಕುವಾಗ, ಗುಂಡಿಗೆ ತಲೆ ಬಾಚುವಾಗ, ಪ್ಯಾಂಟಿನ ಅಂಚು ಮಡಚುವಾಗ ಅದೇ ಮಾತು. ಮಗ ಒಂದು ದಿನ ಬಂದು ಕಣ್ಣೀರು ಹಾಕಿದರೆ? ಮೊಮ್ಮಗಳು ತಮ್ಮ ಹತ್ತಿರವೇ ಇರಲಿ, ಇವಳು ಬೇಕಾದರೆ ಹೋಗಲಿ ಅಂತ ಅನ್ನಿಸಿದರೆ? ಮನೆ ಮಾವನ ಹೆಸರಿನಲ್ಲಿದೆ, ಅಂಗಡಿ ಅತ್ತೆ ಕಟ್ಟಿದ್ದು. ಮಗುವನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಲು ಅವಳಿಗೆ ಇನ್ನೊಂದು ಮನೆ ಇರಲಿಲ್ಲ.

ಎರಡನೆಯ ಸಲ ಹೋದಾಗ ಗುಟ್ಟು ರಟ್ಟಾಯಿತು. ಅರ್ಜಿಗೆ ವಿಳಾಸ ಬೇಕಿತ್ತು. ಸೊಸೆ ತನ್ನ ವಿಳಾಸ ಹೇಳಿದಳು. ಗಂಡನ ತಂದೆ ತಾಯಿಯ ವಿಳಾಸ ಕೇಳಿದಾಗ ಅದನ್ನೇ ಹೇಳಿದಳು. ಪಕ್ಕದಲ್ಲಿ ಕೂತ ಅತ್ತೆಯವರದು ಅಂದಾಗಲೂ ಅದನ್ನೇ ಹೇಳಬೇಕಾಯಿತು. ಲಾಯರಮ್ಮ ಪೆನ್ನು ಕೆಳಗಿಟ್ಟರು.

“ಇವರು ಯಾವ ಕಡೆಯ ಅತ್ತೆ?”

“ಗಂಡನ ಕಡೆ,” ಅಂದಳು ಸೊಸೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು.

ಲಾಯರಮ್ಮ ಹಣೆಗೆ ಕೈ ಹಚ್ಚಿಕೊಂಡರು. ಬೈಯಲಿಲ್ಲ. ಆದರೆ ದನಿ ಬಿಗಿಯಾಗಿತ್ತು. ತಾನು ಈ ಹುಡುಗಿಯ ವಕೀಲೆ, ಇವಳೊಬ್ಬಳ ವಕೀಲೆ. ಇವಳು ಹೇಳಿದ್ದು ತನ್ನ ಹೊಟ್ಟೆಯಲ್ಲೇ ಇರುತ್ತದೆ, ಆದರೆ ಪಕ್ಕದಲ್ಲಿ ಮತ್ತೊಬ್ಬರು ಕೂತು ಕೇಳಿಸಿಕೊಂಡರೆ ಅದಕ್ಕೆ ಬಾಗಿಲೇ ಇಲ್ಲದ ಹಾಗಾಯಿತು. ನಾಳೆ ಜಗಳ ಹತ್ತಿದರೆ ಮಗನ ವಕೀಲ ತಾಯಿಯನ್ನೇ ಕಟಕಟೆಗೆ ಕರೆದು, ಅಲ್ಲಿ ಏನೇನು ಮಾತಾಯಿತು ಹೇಳಿ ಅಂತ ಕೇಳಬಹುದು. ಅದಕ್ಕೇ ಇನ್ನು ಮುಂದೆ ಅಮ್ಮ ಹೊರಗೆ ಕೂರಬೇಕು.

ಅತ್ತೆಯ ಮುಖ ಗಂಟಾಯಿತು. ಎದ್ದರು. ಬಾಗಿಲವರೆಗೂ ಹೋದವರು ತಿರುಗಿ ಬಂದು, ಗೂಟಕ್ಕೆ ನೇತುಹಾಕಿದ್ದ ಲಾಯರಮ್ಮನ ಕಪ್ಪು ಕೋಟು ಕೈಗೆತ್ತಿಕೊಂಡರು. ಒಳಗಿನ ಲೈನಿಂಗು ಕಿತ್ತು ಜೋತಾಡುತ್ತಿತ್ತು.

“ಇದನ್ನಾದ್ರೂ ಕೊಡಿ. ಸುಮ್ನೆ ಕೂತ್ರೆ ನಂಗೆ ತಲೆ ಕೆಡುತ್ತೆ.”

ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತು, ಚೀಲದಿಂದ ಸೂಜಿ ದಾರ ತೆಗೆದರು. ದಾರ ಪೋಣಿಸಿಕೊಡಲು ಮಾತ್ರ ಸೊಸೆಯನ್ನು ಕರೆದರು, ಕಣ್ಣಿಗೆ ಕಾಣದಲ್ಲ.

ಬಾಗಿಲು ಹಾಕಿದ ಮೇಲೆ ಲಾಯರಮ್ಮ ಕೇಳಿದ್ದು ಒಂದೇ ಮಾತು, “ಅವರನ್ನ ನಂಬ್ತೀರಾ?” ಸೊಸೆ ಹೌದು ಅನ್ನಲು ಹೋದಳು. ಬಾಯಿಗೆ ಬಂದದ್ದು ಬೇರೆ. ಮಗು ಒಂದು ತನ್ನ ಹತ್ತಿರ ಇದ್ದರೆ ಸಾಕು, ಅದಕ್ಕೆ ಆ ಮನೆ ಬಿಡಬೇಕಾಗಿ ಬಂದರೆ ಬಿಡುತ್ತೇನೆ ಅಂದಳು. ಅಂದು ಅತ್ತುಬಿಟ್ಟಳು. ಬಾಗಿಲ ಆಚೆ ಅತ್ತೆ ಮೇಲಿಂದಲೇ ಕೆಳಗಿನ ಸೈಕಲ್ ರಿಪೇರಿಯವನ ಜೊತೆ ಯಾವ ನೂಲು ಗಟ್ಟಿ ಅಂತ ವಾದಿಸುವುದು ಕೇಳಿಸುತ್ತಿತ್ತು.

ಮನೆಯಲ್ಲಿ ಅಲ್ಲಿಂದ ಒಂದು ಬಗೆಯ ಮೌನ ಶುರುವಾಯಿತು. ಒಳಗೆ ಏನು ಮಾತಾಯಿತು ಅಂತ ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಅತ್ತೆ ಕೇಳದೇ ಇರುವುದು ಅಂದರೆ ಏನು ಸಾಮಾನ್ಯವೇ? ಪಕ್ಕದ ಮನೆಯವರು ತರಕಾರಿ ಕೊಂಡರೂ ಚೀಲಕ್ಕೆ ಮೂಗು ತೂರಿಸಿ ನೋಡುವ ಜೀವ ಅದು. ಕೇಳಲಾಗದ್ದನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡರು. ಅಡುಗೆಮನೆಯಲ್ಲಿ ಮುಚ್ಚಳಗಳು ದಡಬಡ ಸದ್ದು ಮಾಡಿದಾಗೆಲ್ಲ ಮಾವ “ರೈಟ್, ರೈಟ್” ಅಂತ ಎದ್ದು ಬೀದಿಗೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ಅತ್ತೆಗೆ ತಡೆಯಲಾಗಲಿಲ್ಲ. ಆಲೂಗಡ್ಡೆ ಸುಲಿಯುತ್ತಿದ್ದವರು ಚಾಕು ಕೆಳಗಿಟ್ಟರು.

“ನನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳ್ದೆಯಾ ಅವಳಿಗೆ?”

“ಹಾಗೇನಿಲ್ಲ ಅತ್ತೆ.”

“ಹೇಳಿದ್ರೂ ತಪ್ಪಿಲ್ಲ ಬಿಡು. ನಂಗೇ ನನ್ನ ಮೇಲೆ ಅಷ್ಟು ನಂಬಿಕೆ ಇಲ್ಲ. ಅವನ ದನಿ ಫೋನಲ್ಲಿ ಕೇಳಿದ್ರೆ ಕರುಳು ಕಿತ್ತು ಬರುತ್ತೆ ಕಣೇ.”

ಅಷ್ಟು ಹೇಳಿ ಮತ್ತೆ ಚಾಕು ಹಿಡಿದರು. ಆ ಮಾತು ಕೇಳಿ ಸೊಸೆಗೆ ಭಯ ಹೆಚ್ಚಾಯಿತು, ಮರ್ಯಾದೆಯೂ ಹೆಚ್ಚಾಯಿತು.

ಒಪ್ಪಿ ಸಹಿ ಹಾಕುತ್ತೀರಾ ಅಂತ ಕೇಳಿ ಲಾಯರಮ್ಮ ಗಂಡನಿಗೆ ಬರೆದ ಪತ್ರ ತಲುಪಿದ ವಾರವೇ, ಭಾನುವಾರ ಅವನು ಬಂದ. ಮಗಳಿಗೆ ಒಂದು ಗೊಂಬೆ ತಂದಿದ್ದ. ಗುಂಡಿ ಗೊಂಬೆಯ ಅಂಗಿ ತಿರುಗಿಸಿ ನೋಡಿ, ಹೊಲಿಗೆ ಸರಿ ಇಲ್ಲ ಅಂದಳು. ಎಲ್ಲರೂ ಊಟಕ್ಕೆ ಕೂತರು. ಅತ್ತೆ ಮಗನಿಗೆ ಇಷ್ಟ ಅಂತ ಮೊಟ್ಟೆ ಸಾರು ಮಾಡಿದ್ದರು, ಕೇಳದೇ ಎರಡೆರಡು ಸಲ ಬಡಿಸಿದರು. ಅದನ್ನು ನೋಡಿ ಸೊಸೆ ತನ್ನ ತಟ್ಟೆಯನ್ನು ಬದಿಗೆ ಸರಿಸಿದಳು.

ಗುಂಡಿ ಕೈ ತೊಳೆಯಲು ಎದ್ದುಹೋದಾಗ ಅವನು ಮಾತು ತೆಗೆದ. ತನಗೂ ಬಿಡುಗಡೆ ಬೇಕು, ಜಗಳವಿಲ್ಲ, ಸಹಿ ಹಾಕುತ್ತೇನೆ ಅಂದ. ಸೊಸೆ ಉಸಿರು ಬಿಡುವಷ್ಟರಲ್ಲಿ ಉಳಿದದ್ದನ್ನೂ ಹೇಳಿದ.

“ಆದ್ರೆ ಸಂಬಂಧ ಮುಗಿದ ಮೇಲೆ ಅವಳಿಗೆ ಈ ಮನೇಲಿ ಏನು ಕೆಲಸ? ಅವಳು ಬೇರೆ ಕಡೆ ನೋಡ್ಕೊಳ್ಳಲಿ. ಮಗು ಮಾತ್ರ ಇಲ್ಲೇ ಇರಲಿ, ಅಮ್ಮನ ಹತ್ರ. ಅಮ್ಮಾ, ನಿಂಗೂ ಅವಳನ್ನ ಬಿಟ್ಟಿರೋಕೆ ಆಗಲ್ಲ ಅಲ್ವಾ?”

ಗುರಿ ಇಟ್ಟು ಬಿಟ್ಟ ಮಾತು ಅದು. ಅತ್ತೆಗೆ ಮೊಮ್ಮಗಳೆಂದರೆ ಜೀವ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಅತ್ತೆ ಸೌಟು ಹಿಡಿದು ನಿಂತಿದ್ದರು. ಸೊಸೆ ಅವರ ಮುಖ ನೋಡಲಿಲ್ಲ, ಸೌಟನ್ನೇ ನೋಡಿದಳು. ಸೌಟು ಪಾತ್ರೆಗೆ ವಾಪಸು ಹೋಯಿತು.

“ಬಿಟ್ಟಿರೋಕೆ ಆಗಲ್ಲ, ನಿಜ,” ಅಂದರು ಅತ್ತೆ. “ಅದಕ್ಕೇ ಕೇಳು. ನಾನು ಮಗೂನ ಇಟ್ಕೊಂಡು ಅದರ ಅಮ್ಮನ್ನ ಕಳಿಸಿದ್ರೆ, ಗುಂಡಿ ಚೆನ್ನಾಗಿದೆ ಅಂತ ಅದನ್ನಿಟ್ಕೊಂಡು ಅಂಗಿ ಬಿಸಾಕಿದ ಹಾಗೆ. ಅಷ್ಟು ದಡ್ಡಿ ಅಲ್ಲ ನಾನು. ಇಬ್ಬರೂ ಇಲ್ಲೇ ಇರ್ತಾರೆ. ಇದು ನಿನ್ನ ಮನೆ, ನೀನೂ ಬಾ, ಮಗಳನ್ನ ನೋಡು, ಊಟ ಮಾಡು. ಅವಳನ್ನ ಹೊರಗೆ ಹಾಕು ಅಂತ ಮಾತ್ರ ನನ್ನ ಹತ್ರ ಹೇಳ್ಬೇಡ.”

“ಅಮ್ಮಾ, ನಾನು ನಿನ್ನ ಮಗ.”

“ಅದನ್ನ ಮರೆತಿದ್ರೆ ಇಷ್ಟು ಕಷ್ಟ ಎಲ್ಲಿತ್ತೋ?”

ಅವನು ಅಪ್ಪನ ಕಡೆ ತಿರುಗಿದ. ಮನೆ ಅಪ್ಪನ ಹೆಸರಿನಲ್ಲಿತ್ತಲ್ಲ. ಜಗಳ ಕಂಡರಾಗದ ಮಾವ ಈ ಹೊತ್ತಿಗೆ ಬೀದಿಯಲ್ಲಿರಬೇಕಿತ್ತು, ಆದರೆ ಯಾಕೋ ತಟ್ಟೆ ಬಿಟ್ಟು ಎದ್ದಿರಲಿಲ್ಲ. ಎಲ್ಲರೂ ಅವರ ಬಾಯಿಂದ “ರೈಟ್” ಬರುತ್ತದೆ ಅಂತ ಕಾದರು.

“ನಿನ್ನ ಸ್ಟಾಪು ನೀನೇ ಕೇಳಿ ಇಳ್ಕೊಂಡೆ ಮಗಾ,” ಅಂದರು ಮಾವ ಮೆಲ್ಲಗೆ. “ಕೂತಿರೋರನ್ನ ಯಾಕೆ ಇಳಿಸ್ತೀಯ?”

ಅವನು ಅರ್ಧ ಊಟಕ್ಕೇ ಎದ್ದ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ತುಂಬಾ ಹೊತ್ತು ನಿಂತ. ಆಮೇಲೆ, ಯಾರ ಮುಖವನ್ನೂ ನೋಡದೆ, ಅರ್ಜಿ ಕಳಿಸಿ, ಸಹಿ ಹಾಕುತ್ತೇನೆ, ಮಗು ತಾಯಿಯ ಹತ್ತಿರವೇ ಇರಲಿ ಅಂದ. ಕೆಟ್ಟವನಾಗಿರಲಿಲ್ಲ ಅವನು, ಎರಡು ದೋಣಿಯಲ್ಲೂ ಕಾಲಿಡುವ ಆಸೆ, ಅಷ್ಟೇ.

ಅವನು ಹೋದ ಮೇಲೆ ಅತ್ತೆ ಆ ಅರ್ಧ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು, ತೊಳೆಯಲಿಲ್ಲ, ಎದುರಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸೊಸೆ ಹೋಗಿ ಪಕ್ಕದಲ್ಲಿ ಕೂತಳು. ಈ ಜನ್ಮದಲ್ಲಿ ತನಗೋಸ್ಕರ ಯಾರೂ ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿರಲಿಲ್ಲ ಅಂತ ಅವಳಿಗೆ ಅನ್ನಿಸಿತು. ಅದನ್ನು ಹೇಳಲು ಹೋದಳು, ಅತ್ತೆ ಕೈಯಾಡಿಸಿ ಬಾಯಿ ಮುಚ್ಚಿಸಿದರು.

“ಸುಮ್ನಿರೇ. ಮೊಟ್ಟೆ ದಂಡವಾಯ್ತಲ್ಲ ಅಂತ ಅಳ್ತಿದೀನಿ.”

ಲಾಯರಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವರು ಕುರ್ಚಿಯಿಂದ ಎದ್ದರು. ಆಮೇಲೆ ಬಾಗಿಲು ತೆಗೆದು, ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ತಾವೇ ಒಳಗೆ ಕರೆದು ಚಹಾ ತರಿಸಿದರು. ಅವತ್ತು ತಾವು ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಮುಂದೆ ಬರುವವರಿಗೂ ಅದನ್ನೇ ಹೇಳುತ್ತೇನೆ, ಆದರೆ ಒಬ್ಬರನ್ನು ಬಿಟ್ಟು ಅಂತ ಸೇರಿಸುತ್ತೇನೆ ಅಂದರು. ಅತ್ತೆ ಕೋಟಿನ ಲೈನಿಂಗು ನಿಂತಿದೆಯೋ ಇಲ್ಲವೋ ಅಂತ ಎಳೆದು ನೋಡಿದರು.

ಮುಂದಿನದೆಲ್ಲ ಲಾಯರಮ್ಮ ಹೇಳಿದ ಹಾಗೇ ನಡೆಯಿತು. ಒಂದೇ ಅರ್ಜಿ, ಎರಡು ಸಹಿ. ಮಗು ತಾಯಿಯ ಜೊತೆ, ತಂದೆ ಬಂದು ನೋಡಬಹುದು, ಅವಳ ಶಾಲೆಯ ಖರ್ಚು ತಂದೆಯದು. ಅದನ್ನು ಸ್ಪಷ್ಟವಾಗಿ ಬರೆಸಲೇಬೇಕು, ಬಾಯಿಮಾತು ಬೇಡ ಅಂತ ಲಾಯರಮ್ಮ ಹಟ ಹಿಡಿದು ಬರೆಸಿದ್ದರು. ಯೋಚಿಸಲು ಕೊಟ್ಟ ಕಾಲವೂ ಕಳೆಯಿತು. ಕೊನೆಯ ದಿನ ನ್ಯಾಯಾಧೀಶರು ಇಬ್ಬರನ್ನೂ ಕೇಳಿದರು, ಇಬ್ಬರೂ ಮನಸ್ಸು ಬದಲಾಗಿಲ್ಲ ಅಂದರು. ಅಷ್ಟೇ. ಮದುವೆ ಮುಗಿಯುವುದಕ್ಕೆ ಒಂದು ಪ್ಯಾಂಟಿನ ಅಂಚು ಮಡಚುವಷ್ಟು ಹೊತ್ತೂ ಬೇಕಾಗಲಿಲ್ಲ. ಹೊರಗೆ ಬಂದಾಗ ಮಗ ತಾಯಿಯ ಎದುರು ನಿಂತ, ಅತ್ತೆ ಅವನ ಅಂಗಿಯ ಸಡಿಲವಾಗಿದ್ದ ಗುಂಡಿಯೊಂದನ್ನು ಬೆರಳಿಂದ ಮುಟ್ಟಿ, ಮನೆಗೆ ಬಂದಾಗ ಹಾಕಿಕೊಡುತ್ತೇನೆ ಅಂದರು. ಅವನು ತಲೆಯಾಡಿಸಿ ಹೋದ.

ಮಾರನೆಯ ದಿನ ಅಂಗಡಿ ಎಂದಿನಂತೆ ತೆರೆಯಿತು. ಆದರೆ ಸೊಸೆಗೆ ಒಂದು ಹೊಸ ತೊಂದರೆ ಬಂತು. ಸೊಸೆ ಅಂತ ನಾವಾದರೂ ಇನ್ನು ಹೇಗೆ ಅನ್ನೋಣ? ಅವಳು ಅವರನ್ನು ಅತ್ತೆ ಅಂತ ಕರೆಯುವುದು ಹೇಗೆ? ನಿನ್ನೆಯವರೆಗೆ ಆ ಮಾತು ಅವಳ ಹಕ್ಕಿನದಾಗಿತ್ತು, ಇವತ್ತು ಕೋರ್ಟೇ ಅದರ ಹೊಲಿಗೆ ಬಿಚ್ಚಿದೆ. ಹೆಸರು ಹಿಡಿದು ಕರೆಯುವಂತಿಲ್ಲ, ಅಮ್ಮ ಅನ್ನಲು ನಾಲಿಗೆಗೆ ನಾಚಿಕೆ. ಬೆಳಿಗ್ಗೆಯಿಂದ “ಇಲ್ನೋಡಿ”, “ಸ್ವಲ್ಪ ಬರ್ತೀರಾ”, “ಚಹಾ ಆಯ್ತು” ಅಂತಲೇ ಕಾಲ ತಳ್ಳಿದಳು. ಮಧ್ಯಾಹ್ನ ಊಟಕ್ಕೆ ಕರೆಯಲು ಗುಂಡಿಯನ್ನು ಕಳಿಸಿದಳು.

ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

“ಏನೇ, ಬೆಳಿಗ್ಗೆಯಿಂದ ನೋಡ್ತಿದೀನಿ, ದಾರೀಲಿ ಹೋಗೋರನ್ನ ಕರೆದ ಹಾಗೆ ಇಲ್ನೋಡಿ ಇಲ್ನೋಡಿ ಅಂತೀಯ. ಅತ್ತೆ ಅನ್ನೋಕೆ ಬಾಯಿಗೇನಾಗಿದೆ?”

ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಳು. “ಇನ್ನು ಹಾಗನ್ನಬಹುದಾ?” ಅಂದಳು.

“ಯಾಕನ್ನಬಾರದು? ಲಾಯರಮ್ಮ ಮೊದಲನೇ ದಿನಾನೇ ತಿಳ್ಕೊಂಡಿದ್ಲಲ್ಲ, ನಾನು ನಿಮ್ಮಪ್ಪನ ತಂಗಿ ಅಂತ. ಓದಿದವಳು, ಸುಮ್ನೆ ತಿಳ್ಕೋತಾಳಾ? ಗಂಡನ ಕಡೆ ಅತ್ತೇನ ಕೋರ್ಟು ಬಿಡಿಸಬಹುದು ಕಣೇ. ಅಪ್ಪನ ಕಡೆ ಅತ್ತೇನ ಬಿಡಿಸೋಕೆ ಯಾವ ಕೋರ್ಟಿಗೂ ಆಗಲ್ಲ.”

ಹೇಳಿದವರು ಮತ್ತೆ ಬಟ್ಟೆ ಎತ್ತಿಕೊಂಡು ಹೊಲಿಗೆ ಹುಡುಕತೊಡಗಿದರು. ಒಳಗಿನಿಂದ ಮಾವ, ಯಾರು ಏನು ಹೇಳಿದರೆಂದು ಪೂರ್ತಿ ಕೇಳಿಸದಿದ್ದರೂ, “ರೈಟ್, ರೈಟ್” ಅಂದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ಚಾಚಿದಳು.

“ಅತ್ತೆ, ಆ ಕತ್ತರಿ ಕೊಡಿ.”